ಚಿಪ್ಪಿನ ಮೇಲೆ ಓಡಿದ ಬಸ್ಸು

ನನ್ನ ಗಂಡ ಅರವತ್ತೆರಡನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಆಟದ ಚಟ ಹತ್ತಿಸಿಕೊಂಡರು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದ ಸಂಗತಿ ಬೇರೆಯಿದೆ, ಅದರಲ್ಲಿ ನನ್ನ ಪಾಲೇ ಹೆಚ್ಚು. ಮೂವತ್ತಮೂರು ವರ್ಷ ಮಕ್ಕಳಿಗೆ ಪಾಠ ಹೇಳಿ, ತಪ್ಪು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಈಗ ನಾನೇ ಬೆಂಚು ಹತ್ತಿ ನಿಂತು ಒಪ್ಪಿಸುತ್ತಿದ್ದೇನೆ ಅಂದುಕೊಳ್ಳಿ.

ನಮ್ಮ ಯಜಮಾನರ ಹೆಸರು ಏಕಾಂತಯ್ಯ. ಹೊನ್ನವಳ್ಳಿಯಿಂದ ತಿಪಟೂರಿಗೆ ಖಾಸಗಿ ಬಸ್ಸು ಓಡಿಸುತ್ತಿದ್ದರು. ಎರಡು ಸಾವಿರದ ಒಂಬತ್ತನೆಯ ಇಸವಿ, ಆಷಾಢ ಮಾಸದ ಒಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಹಾಗೆಯೇ ಕುಸಿದು ಕೂತರು. ತಿಪಟೂರಿನ ಡಾಕ್ಟರು ಸ್ಟ್ರೋಕು ಅಂದರು. ಎಳೆಯುತ್ತಿದ್ದ ಬಲಗಾಲು ಒಂದು ವಾರದಲ್ಲಿ ಸರಿಹೋಯಿತು. ಮಾತಿಗೆ ಏನೂ ಆಗಲಿಲ್ಲ. ಅದು ನನ್ನ ಪುಣ್ಯವೋ ಪಾಪವೋ ಗೊತ್ತಿಲ್ಲ. ಬಲಗೈ ಮಾತ್ರ ಹಿಂದೆ ಉಳಿದುಬಿಟ್ಟಿತು. ಬೆರಳುಗಳು ಮಡಚಿಕೊಂಡು ಮರಗಟ್ಟಿದವು. "ಮೊದಲ ಆರು ತಿಂಗಳು ಮುಖ್ಯ. ಬೆರಳಿಗೆ ಎಷ್ಟು ಕೆಲಸ ಕೊಡ್ತೀರೋ ಅಷ್ಟು ವಾಪಸ್ ಬರುತ್ತೆ. ಆಮೇಲೆ ಕಷ್ಟ" ಎಂದು ಡಾಕ್ಟರು ಹೇಳಿ ಒಂದು ರಬ್ಬರ್ ಚೆಂಡು ಕೊಟ್ಟರು, ಹಿಸುಕುತ್ತಾ ಇರಲಿ ಅಂತ.

ಕೈ ಹೋಗುವುದೆಂದರೆ ಏನೆಂದು ಊಟದ ವಿಷಯ ಹೇಳಿದರೆ ಅರ್ಥವಾದೀತು. ನಮ್ಮ ಕಡೆ ಮುದ್ದೆಯನ್ನು ಯಾರೂ ಚಮಚದಲ್ಲಿ ತಿನ್ನುವುದಿಲ್ಲ. ಬೆರಳಿನಿಂದ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಎರಡೆರಡು ಮುದ್ದೆ ನುಂಗುತ್ತಿದ್ದ ಮನುಷ್ಯ ಮುದ್ದೆಯನ್ನೇ ಬಿಟ್ಟುಬಿಟ್ಟರು. ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪದು. ನಾನು ಮುರಿದು ಕೊಡುತ್ತೇನೆಂದರೆ ಬೇಡ. ಅನ್ನವನ್ನು ಮೆತ್ತಗೆ ಕಲೆಸಿ ಚಮಚದಲ್ಲಿ ಬಾಯಿಗಿಟ್ಟರೆ ಎಲ್ಲೋ ನೋಡುತ್ತಾ ನಾಲ್ಕು ತುತ್ತು ನುಂಗಿ ಸಾಕು ಅನ್ನುವರು. ಮದುವೆ ಮನೆ, ಗೃಹಪ್ರವೇಶ, ತಿಥಿ ಯಾವುದಕ್ಕೂ ಹೋಗಲಿಲ್ಲ. ಪಂಕ್ತಿಯಲ್ಲಿ ಕೂತರೆ ಕೈ ಕಾಣುತ್ತದಲ್ಲ. ಆ ಮನುಷ್ಯ ಮತ್ತೆ ಒಂದು ಮುದ್ದೆ ಮುರಿದು ತಿನ್ನುವುದನ್ನು ಕಣ್ಣಾರೆ ಕಂಡರೆ ಸಾಕು, ಇನ್ನೇನೂ ಬೇಡ ಎಂದು ದೇವರಲ್ಲಿ ಕೇಳಿಕೊಂಡಿದ್ದೆ.

ಚೆಂಡು ಮೂರು ದಿನ ಬಾಳಿತು. ನಾಲ್ಕನೆಯ ದಿನ ಎಡಗೈಯಲ್ಲಿ ಎತ್ತಿ ಹಿತ್ತಲ ಬೇಲಿಯಾಚೆ ಎಸೆದರು. "ನಾನೇನ್ ಬಾಲವಾಡಿ ಮಗುವಾ? ಸ್ಟೇರಿಂಗ್ ಹಿಡ್ದ ಕೈಗೆ ಚೆಂಡು ಕೊಡ್ತೀಯಾ" ಅಂತ ನನ್ನ ಮೇಲೆ ಹಾರಿದರು.

ಆಗ ದಾರಿ ತೋರಿಸಿದವಳು ಕೃತಿಕಾ, ನಮ್ಮ ಮಗಳ ಮಗಳು. ನಮ್ಮ ಮನೆಯಲ್ಲೇ ಇದ್ದು ತಿಪಟೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಅವಳ ಹತ್ತಿರ ಒಂದು ಲ್ಯಾಪ್‌ಟಾಪ್ ಇತ್ತು. ಒಳ್ಳೆ ಕಡಪಾ ಕಲ್ಲಿನ ಹಾಗೆ ಭಾರ, ಕಾಲೇಜಿಗೆ ಹೊತ್ತುಕೊಂಡು ಹೋಗುವ ಗೋಜಿಗೆ ಹೋಗುತ್ತಿರಲಿಲ್ಲ. ಅದರೊಳಗೆ ಬಸ್ಸು ಓಡಿಸುವ ಆಟವೊಂದಿತ್ತು. ಬೆಟ್ಟ, ತಿರುವು, ಸ್ಟಾಪು, ಹತ್ತುವ ಇಳಿಯುವ ಜನ, ಎಲ್ಲ ಇತ್ತು. ನಾಲ್ಕು ಬಾಣದ ಗುಂಡಿಗಳ ಮೇಲೆ ಅಜ್ಜನ ಬಲಗೈ ಬೆರಳುಗಳನ್ನು ಒಂದೊಂದಾಗಿ ಇಟ್ಟು, "ತಾತ, ಇದು ಆಕ್ಸಿಲೇಟರ್, ಇದು ಬ್ರೇಕ್, ಇವೆರಡು ಸ್ಟೇರಿಂಗ್" ಎಂದಳು.

ಅಷ್ಟೇ. ಮಾರನೆಯ ದಿನದಿಂದ ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿದು, ವಿಭೂತಿ ಇಟ್ಟುಕೊಂಡು, ಮಂಚದ ಮೇಲೆ ಕೂತರೆ ಒಂಬತ್ತರವರೆಗೆ ಡ್ಯೂಟಿ. ಒಂಬತ್ತಕ್ಕೆ ಕರೆಂಟು ಹೋದರೆ ಸಂಜೆ ಐದಕ್ಕೇ ಬರುವುದು. ಆ ಲ್ಯಾಪ್‌ಟಾಪಿನ ಬ್ಯಾಟರಿಯೋ ಹತ್ತು ನಿಮಿಷಕ್ಕೆ ಕೈಯೆತ್ತುತ್ತಿತ್ತು. ಸಂಜೆ ಕೃತಿಕಾಳ ಓದು. ಹಾಗಾಗಿ ಬೆಳಗಿನ ಆ ಎರಡು ಗಂಟೆಯೇ ಅವರ ಪಾಲಿಗೆ ಇದ್ದದ್ದು. ಆಟದಲ್ಲೂ ಅವರು ತಿರುವಿನಲ್ಲಿ ಓವರ್‌ಟೇಕ್ ಮಾಡುತ್ತಿರಲಿಲ್ಲ. ಸ್ಟಾಪಿನಲ್ಲಿ ನಿಲ್ಲಿಸಿ ದೂರದಿಂದ ಯಾರಾದರೂ ಓಡಿ ಬರುತ್ತಾರೇನೋ ಎಂದು ಕಾಯುವರು. ಟೈಮ್ ಮುಗಿಯಿತು ಎಂದು ಪರದೆ ಕೆಂಪಗೆ ಬರೆದರೆ, "ಟೈಮು ಇವ್ನಿಗೇನ್ ಗೊತ್ತು, ಮುದುಕೀರು ಹತ್ಬ್ಯಾಡ್ವಾ" ಎಂದು ಅದನ್ನೇ ಬೈಯುವರು.

ಬಸ್ಸು ಬೆಟ್ಟ ಹತ್ತತೊಡಗಿದರೆ ಲ್ಯಾಪ್‌ಟಾಪಿನೊಳಗಿನ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಸದ್ದೂ ಕೇಳದಷ್ಟು. ಪಕ್ಕದ ಮನೆಯ ಚಿಕ್ಕಗೌರಮ್ಮ ಬಾಗಿಲಿಗೆ ಬಂದು, "ಏನ್ ಟೀಚರಮ್ಮ, ಮನ್ಯಾಗೇ ಹಿಟ್ಟಿನ ಗಿರಣಿ ಹಾಕ್ಸಿದ್ರಾ" ಎಂದು ಕೇಳಿದ್ದೂ ಉಂಟು. ಯಜಮಾನರಿಗೆ ಅದು ಸಂಗೀತ. "ಲೋಡ್ ಮೇಲೆ ಎಂಜಿನ್ ಹಂಗೇ ಕೂಗೋದು ಕಣೇ" ಅನ್ನುತ್ತಿದ್ದರು.

ಒಂದು ದಿನ ನಾನು ರೊಟ್ಟಿ ತಟ್ಟುತ್ತಿದ್ದಾಗ, "ಲೇ, ಇದು ಸುಡ್ತೈತೆ ಕಣೇ" ಎಂದು ಕೂಗಿದರು. ಹಿಟ್ಟಿನ ಕೈಯಲ್ಲೇ ಬಂದು, "ಸುಡದೆ ಇನ್ನೇನು, ಗಂಟೆಗಟ್ಲೆ ಓಡಿಸಿದ್ರೆ? ಮುಚ್ಚಿಡಿ ಅತ್ಲಾಗೆ" ಎಂದು ಬೈದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನೋಡಿದೆ: ಲ್ಯಾಪ್‌ಟಾಪಿನ ಪಕ್ಕದಲ್ಲಿ ಬಿಸಿ ಗಾಳಿ ಬರುವ ಕಿಂಡಿಯ ಹತ್ತಿರ ಅವರು ಇಟ್ಟಿದ್ದದ್ದು ಬಲಗೈ. ಎರಡು ತಿಂಗಳಿಂದ ಬಿಸಿ ಕಾಫಿ ಚೆಲ್ಲಿದರೂ ಅರಿಯದಿದ್ದ ಕೈ. ಅಲ್ಲೇ ಮಂಚದ ಅಂಚಿನಲ್ಲಿ ಕೂತುಬಿಟ್ಟೆ. ರೊಟ್ಟಿ ಸೀದು ಕಪ್ಪಾಯಿತು, ಆಗಲಿ ಎಂದುಕೊಂಡೆ. ಆವತ್ತಿನಿಂದ ಆ ಯಂತ್ರ ನನಗೂ ಬೇಕಾದದ್ದಾಯಿತು.

ಆದರೆ ಬಿಸಿ ಏರಿದಂತೆಲ್ಲ ಅದು ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ಅದೂ ಬೆಟ್ಟದ ನಡುವೆ, ಬಸ್ಸಿನ ತುಂಬ ಜನ ಇರುವಾಗ. ಯಜಮಾನರಿಗೆ ಅದು ಸಹಿಸದ ಅವಮಾನ. ಹಾಸಿಗೆಯ ಮೇಲೆ ಇಟ್ಟರೆ ಕೆಳಗಿನ ಕಿಂಡಿಗಳು ಮುಚ್ಚಿಹೋಗಿ ಗಾಳಿ ಎಳೆದುಕೊಳ್ಳುವುದಿಲ್ಲ ಎಂದು ಕೃತಿಕಾ ವಿವರಿಸಿದಳು. "ರೇಡಿಯೇಟರ್‌ಗೆ ಗೋಣಿ ಕಟ್ಟಿದಂಗೆ ಅನ್ನು" ಎಂದು ಇವರು ಕೂಡಲೇ ಹಿಡಿದುಕೊಂಡರು. ಹಿತ್ತಲಿನಿಂದ ಸಮನಾದ ನಾಲ್ಕು ತೆಂಗಿನ ಚಿಪ್ಪು ಆರಿಸಿ ತರಿಸಿದರು. ಮಣೆಯ ಮೇಲೆ ನಾಲ್ಕನ್ನೂ ಬೋರಲು ಹಾಕಿ, ಮೇಲೆ ಲ್ಯಾಪ್‌ಟಾಪ್ ಕೂರಿಸಿದರು. ಕೆಳಗೆ ಗಾಳಿಯಾಡಿತು. ಆರುವುದು ಕಡಿಮೆಯಾಯಿತು. ಬಸ್ಸು ಒಂದೊಂದು ದಿನ ಬೆಟ್ಟ ಹತ್ತಿ ಇಳಿದೂಬಿಡುತ್ತಿತ್ತು.

ಕಾರ್ತಿಕದ ಹೊತ್ತಿಗೆ ಹೆಬ್ಬೆರಳು ತೋರುಬೆರಳು ಚೂರು ಬಿಡಿಸಿಕೊಂಡವು. ಕರವಸ್ತ್ರ ಎತ್ತುವರು, ಬೀಳಿಸುವರು, ಮತ್ತೆ ಎತ್ತುವರು. ಆಗಲೇ ಅಟ್ಟದ ಕೊಬ್ಬರಿ ಇಳಿಸಿ ಜಗಲಿಯಲ್ಲಿ ಸುಲಿಸಿದೆವು. ಮನೆಯೆಲ್ಲ ನಾರಿನ ಧೂಳು. ಎರಡೇ ದಿನದಲ್ಲಿ ಫ್ಯಾನಿನ ಕೂಗು ಬದಲಾಯಿತು. ಕರಕರ ಎಂದು ಉಜ್ಜಿದ ಸದ್ದು. ಯಜಮಾನರು ಕಿವಿಯಿಟ್ಟು ಆಲಿಸಿ, "ಫ್ಯಾನ್ ತಿರುಗೋ ಬುಷ್ ಒಣಗೈತೆ. ಒಂದ್ ತೊಟ್ಟು ಎಣ್ಣೆ ಬೇಕು" ಎಂದು ತೀರ್ಪು ಕೊಟ್ಟರು.

ಇಲ್ಲಿಂದ ಮುಂದಿನದು ನನ್ನ ಪಾಪ. "ಕೃತಿಕಾ ಬರ್ಲಿ, ಕೇಳಿ ಮಾಡನ" ಎಂದು ಅವರೇ ಅಂದರು. "ಒಂದು ತೊಟ್ಟು ಎಣ್ಣೆಗೆ ಇಂಜಿನಿಯರ್ ಯಾಕ್ರೀ" ಎಂದವಳು ನಾನು. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಎಣ್ಣೆ ಎಂದರೆ ಒಂದೇ. ಬಾಗಿಲು ಕಿರುಗುಟ್ಟಿದರೆ ಅದೇ, ಬೀಗ ಬಿಗಿದರೆ ಅದೇ, ಎಳೆಗೂಸಿನ ನೆತ್ತಿಗೆ ಅದೇ, ಸುಟ್ಟ ಗಾಯಕ್ಕೂ ಅದೇ. ಅದರಲ್ಲೂ ನಮ್ಮದು ನಮ್ಮದೇ ಅಟ್ಟದ ಕೊಬ್ಬರಿ, ಗಾಣದಲ್ಲಿ ಹಿಂಡಿಸಿದ ಎಣ್ಣೆ, ಕಣ್ಣಿಗೆ ಬಿಟ್ಟುಕೊಂಡರೂ ಉರಿಯದಷ್ಟು ಶುದ್ಧ. ಆ ಜಂಬ ಬೇರೆ. ಅವರು ಎಡಗೈಯಲ್ಲಿ ತಿರುಪು ಬಿಚ್ಚಿದರು, ನಾನು ಬೆಳಕು ಹಿಡಿದೆ. ಪೊರಕೆ ಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಅದ್ದಿ ಫ್ಯಾನಿನ ನಡುವಿಗೆ ಬಿಟ್ಟೆವು. "ಇನ್ನೊಂದು ಬುಡಿ" ಎಂದು ಇನ್ನೊಂದು ಬಿಡಿಸಿದವಳೂ ನಾನೇ.

ಫ್ಯಾನು ಸದ್ದಿಲ್ಲದೆ ತಿರುಗಿತು. ಸಂಜೆ ಕೃತಿಕಾ, "ಅಜ್ಜಿ, ಏನಿದು ಇಷ್ಟು ಸೈಲೆಂಟಾಗಿದೆ" ಎಂದು ಬೆರಗಾದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಕಳ್ಳನಗೆ ನಕ್ಕೆವು.

ಡಿಸೆಂಬರ್ ಬಂತು, ಚಳಿ ಬಂತು. ಒಂದು ಬೆಳಿಗ್ಗೆ ಯಜಮಾನರು ಗುಂಡಿ ಒತ್ತಿದರೆ ಲ್ಯಾಪ್‌ಟಾಪ್ ಎರಡು ಸಲ ಬೀಪ್ ಅಂದು, ಬಿಳಿ ಅಕ್ಷರದಲ್ಲಿ ಏನೋ ತೋರಿಸಿ, ಓದುವುದರೊಳಗೆ ಆರಿಹೋಯಿತು. ಮತ್ತೆ ಒತ್ತಿದರು, ಮತ್ತೆ ಹಾಗೇ. ಒಂಬತ್ತರವರೆಗೆ ಒತ್ತಿದರು. ಸಂಜೆ ಕೃತಿಕಾ ಬಂದು ಒತ್ತಿದಳು, ಸರಾಗವಾಗಿ ಶುರುವಾಯಿತು. ಮಾರನೆಯ ಬೆಳಿಗ್ಗೆ ಇವರಿಗೆ ಮತ್ತೆ ಇಲ್ಲ. ಸಂಜೆ ಅವಳಿಗೆ ಉಂಟು. ಹೀಗೆ ನಾಲ್ಕು ದಿನ ನಡೆಯಿತು.

ಹುಡುಗಿಗೆ ಪರೀಕ್ಷೆ ಹತ್ತಿರ. ಕಾಲೇಜಿಗೆ ಹೊರಡುವ ಅವಸರದಲ್ಲಿ, "ತಾತ, ನೀವು ಬೆರಳು ಸರಿಯಾಗಿ ಇಡದೆ ಇನ್ನೇನೋ ಒತ್ತುತಾ ಇದೀರಿ. ನನ್ನ ನೋಟ್ಸೆಲ್ಲ ಅದರಲ್ಲೇ ಇದೆ, ಪರೀಕ್ಷೆ ಮುಗಿಯೋವರೆಗೂ ಮುಟ್ಟಬೇಡಿ" ಎಂದುಬಿಟ್ಟಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅದು ನಾಟಬೇಕಾದ ಜಾಗಕ್ಕಿಂತ ಆಳಕ್ಕೆ ನಾಟಿತು.

ಅವಳು ಹೋದ ಮೇಲೆ ಯಜಮಾನರು ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡರು. "ಅದ್ಕೂ ಗೊತ್ತಾಗ್ತದೆ ಕಣೇ ಯಾರ ಕೈ ಅಂತ. ಹುಡುಗಿ ಮುಟ್ಟಿದ್ರೆ ಓಡ್ತದೆ, ನಾನ್ ಮುಟ್ಟಿದ್ರೆ ಓಡಲ್ಲ. ಬುಡು, ಈ ಕೈದು ಇಷ್ಟೇ" ಅಂದರು. ಡಾಕ್ಟರು ಹೇಳಿದ್ದ ಆರು ತಿಂಗಳಲ್ಲಿ ಉಳಿದಿದ್ದದ್ದು ಒಂದು ತಿಂಗಳೂ ಇಲ್ಲ. ಕರವಸ್ತ್ರ ಎತ್ತುತ್ತಿದ್ದ ಬೆರಳುಗಳು ವಾರದೊಳಗೆ ಮತ್ತೆ ಮಡಚಿಕೊಳ್ಳತೊಡಗಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಇವರ ಕೈಯದಲ್ಲ, ಯಂತ್ರದ್ದೇ ತಪ್ಪೆಂದು ತೋರಿಸಲೇಬೇಕೆಂದು ಲ್ಯಾಪ್‌ಟಾಪನ್ನು ಸೀರೆಯ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಿಪಟೂರಿಗೆ ಹೋದೆ. ಅಲ್ಲಿ ಇಮ್ದಾದ್ ಎನ್ನುವವನ ಕಂಪ್ಯೂಟರ್ ರಿಪೇರಿ ಅಂಗಡಿ. ಅವರಪ್ಪ ಪೀರ್ ಸಾಬರು ಅದೇ ಅಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಇಮ್ದಾದ್ ಮೂರನೆಯ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿ, ಮಗ್ಗಿ ಬಾರದೆ ಬೆಂಚು ಹತ್ತಿದವರಲ್ಲಿ ಅವನೇ ಮೊದಲಿಗ. ಮಟಮಟ ಮಧ್ಯಾಹ್ನ. ಕಿಟಕಿಯ ಬಿಸಿಲು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಬಿದ್ದಿತ್ತು. ಅವನು ಗುಂಡಿ ಒತ್ತಿದ. ಅದು ಏನೂ ಆಗದಂತೆ ಎದ್ದು ಕೂತಿತು.

"ಏನೂ ಆಗಿಲ್ವಲ್ಲ ಮಿಸ್. ಯಾರಾದ್ರೂ ಬಿಚ್ಚಿದ್ರಾ ಇದನ್ನ?" ಎಂದು ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಯಾರ್ ಬಿಚ್ತಾರಪ್ಪ, ನಮಗೇನ್ ಗೊತ್ತಾಗುತ್ತೆ" ಎಂದು ಸೆರಗು ಸರಿಮಾಡಿಕೊಂಡು ಎದ್ದು ಬಂದೆ. ಸುಳ್ಳು ಹೇಳಬಾರದು ಎಂದು ಮಕ್ಕಳಿಗಾಗಿ ಮೂವತ್ತಮೂರು ವರ್ಷ ಬೋರ್ಡಿನ ಮೇಲೆ ಬರೆದ ಕೈ ನನ್ನದು.

ಮಾರನೆಯ ಬೆಳಿಗ್ಗೆ ಒತ್ತಾಯ ಮಾಡಿ ಅವರ ಕೈಯಲ್ಲೇ ಗುಂಡಿ ಒತ್ತಿಸಿದೆ. ಮತ್ತೆ ಬೀಪ್.

ಇನ್ನೊಂದು ವಾರ ಹೀಗೇ ಹೋಯಿತು. ದಿನಾ ಬೆಳಿಗ್ಗೆ ಅವರ ಬಲಗೈಗೆ ಕೊಬ್ಬರಿ ಎಣ್ಣೆ ಹಚ್ಚಿ ತೀಡುವುದು ನನ್ನ ಕೆಲಸ. ಡಿಸೆಂಬರಿನಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ, ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟು ಕರಗಿಸಿಕೊಳ್ಳಬೇಕು. ಆವತ್ತು ಒಲೆಯ ಮೇಲೆ ನೀರಿಟ್ಟು ಅವರ ಹತ್ತಿರ ಹೋಗಿ ಕೈ ಕೊಡಿ ಎಂದೆ. ಶಾಲಿನಿಂದ ಕೈ ತೆಗೆಯಲಿಲ್ಲ. "ಎಷ್ಟು ತೀಡಿದ್ರೂ ಅಷ್ಟೇ ಕಣೇ. ನೀನೂ ದಣಿಯಬ್ಯಾಡ" ಅಂದರು. ಸಿಟ್ಟೂ ಅಳುವೂ ಒಟ್ಟಿಗೆ ಬಂದು, ಕರಗದ ಬಾಟಲಿಯನ್ನೇ ಅಂಗೈ ಮೇಲೆ ಬೋರಲು ಹಾಕಿ ಅಲ್ಲಾಡಿಸಿದೆ. ಒಂದು ತೊಟ್ಟೂ ಬೀಳಲಿಲ್ಲ. ಒಳಗೆ ಎಣ್ಣೆ ಬೆಳ್ಳಗೆ ಕಲ್ಲಾಗಿ ಕೂತಿತ್ತು.

ಬಾಟಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಹದಿನೈದು ದಿನದಿಂದ ಇದೇ ಬಾಟಲಿಯನ್ನು ಕರಗಿಸುತ್ತಿದ್ದ ದಡ್ಡಿಗೆ ಆಗ ಬುದ್ಧಿ ಬಂತು.

"ರೀ," ಎಂದೆ. "ಅದರೊಳಗೆ ಬಿಟ್ಟಿದ್ದು ಇದೇ ಎಣ್ಣೆ."

ಅವರು ಬಾಟಲಿಯನ್ನು ನೋಡಿದರು, ಲ್ಯಾಪ್‌ಟಾಪನ್ನು ನೋಡಿದರು. ನಲವತ್ತು ವರ್ಷ ಎಂಜಿನ್ನಿನ ಪಕ್ಕ ಕೂತ ಮನುಷ್ಯನಿಗೆ ಹೆಚ್ಚು ಹೇಳಬೇಕಾಗಲಿಲ್ಲ. "ಬೆಳಿಗ್ಗೆ ಹೊತ್ತು ಗಟ್ಟಿ. ಫ್ಯಾನ್ ತಿರುಗಲ್ಲ, ಅದ್ಕೇ ಎಂಜಿನ್ ಆಫ್ ಮಾಡ್ಕಂತದೆ. ಸಂಜೆಗೆ ಬಿಸಿಲ್ ಕಾದು ಕರಗಿರ್ತದೆ, ಹುಡುಗಿಗೆ ಓಡ್ತದೆ" ಎಂದು ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಹಂಗಾರೆ ತಪ್ಪು ನನ್ ಕೈದಲ್ಲ, ಅಲ್ವೇನೇ?"

"ನಿಮ್ಮ ಕೈದಲ್ಲ. ನಂದು" ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

"ಅಳ್ತಾ ನಿಂತ್ರೆ ಎಣ್ಣೆ ಕರಗ್ತದಾ? ಅಂಗಳಕ್ಕೆ ತಗಂಡೋಗು" ಎಂದು ಗದರಿದರು. ಅಂಗಳದಲ್ಲಿ ಕೊಬ್ಬರಿ ಹೋಳು ಒಣಗಿಸಿದ್ದ ಚಾಪೆಯ ಮೂಲೆಯಲ್ಲಿ, ಎಳೆಬಿಸಿಲಿಗೆ ಬೆನ್ನು ಮಾಡಿ ಲ್ಯಾಪ್‌ಟಾಪನ್ನು ಮಲಗಿಸಿದೆ. ಇವರು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಕಾಗೆ ಓಡಿಸುತ್ತಿದ್ದರು. ಚಿಕ್ಕಗೌರಮ್ಮ ಬೇಲಿಯಾಚೆಯಿಂದ, "ಅದ್ನೂ ಒಣಗಿಸ್ತಾರಾ ಟೀಚರಮ್ಮ" ಎಂದಳು. "ಹೂಂ ಕಣಮ್ಮ, ಹಸಿ ಐತೆ" ಎಂದು ಯಜಮಾನರೇ ಉತ್ತರ ಕೊಟ್ಟರು. ಅರ್ಧ ಗಂಟೆಯಾದ ಮೇಲೆ ಶಾಲಿನಿಂದ ಬಲಗೈ ತೆಗೆದು, ತೋರುಬೆರಳನ್ನು ಕಷ್ಟಪಟ್ಟು ನೀಡಿ ಗುಂಡಿ ಒತ್ತಿದರು. ಬೀಪ್ ಅನ್ನಲಿಲ್ಲ. ಫ್ಯಾನು ತಿರುಗಿತು. ಬ್ಯಾಟರಿ ಮುಗಿಯುವವರೆಗೆ ಹತ್ತು ನಿಮಿಷ ಅಂಗಳದಲ್ಲೇ ಬಸ್ಸು ಓಡಿತು.

ಸಂಜೆ ಕೃತಿಕಾಳ ಮುಂದೆ ಎಲ್ಲ ಒಪ್ಪಿಸಿದೆವು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ನಗು ನಿಲ್ಲಿಸಿ ತಾತನ ಬಲಗೈ ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. "ನಾನು ಹಂಗೆ ಅನ್ನಬಾರದಿತ್ತು ತಾತ" ಅಂದಳು. "ಬುಡವ್ವ, ಅಂದಿದ್ಕೆ ಗೊತ್ತಾಯ್ತು" ಎಂದರು ಇವರು. ಏನು ಗೊತ್ತಾಯಿತೋ ಅವರಿಗೇ ಗೊತ್ತು.

ಮಾರನೆಯ ದಿನ ಮತ್ತೆ ಇಮ್ದಾದನ ಅಂಗಡಿ. ಈ ಸಲ ಕೂರುವ ಮೊದಲೇ, "ಬಿಚ್ಚಿದ್ದು ನಾವೇ ಕಣಪ್ಪ, ಕೊಬ್ಬರಿ ಎಣ್ಣೆ ಬಿಟ್ಟಿದ್ದೂ ನಾವೇ. ಹೋದ ಸಲ ನಿನಗೆ ಸುಳ್ಳು ಹೇಳಿದೆ" ಎಂದೆ. ಇಮ್ದಾದ್ ತಲೆ ತಗ್ಗಿಸಿ ತಿರುಪು ಬಿಚ್ಚುತ್ತಿದ್ದ, ಭುಜ ಮಾತ್ರ ಕುಲುಕುತ್ತಿತ್ತು.

"ನಗೋದಿದ್ರೆ ನಕ್ಕುಬಿಡೋ, ಒಳಗೆ ಇಟ್ಕೋಬೇಡ" ಎಂದೆ.

"ಬೆಂಚ್ ಮೇಲೆ ನಿಲ್ಸಲ್ಲ ಬುಡಿ ಮಿಸ್. ನಮ್ ಅಂಗಡೀಲಿ ಬೆಂಚಿಲ್ಲ" ಎಂದ.

ಫ್ಯಾನು ಹೊರಗೆ ಬಂದಾಗ ನೋಡಬೇಕಿತ್ತು. ಎಣ್ಣೆಗೆ ನಾರಿನ ಧೂಳು ಅಂಟಿ, ದೀಪದ ಬತ್ತಿ ಹೊಸೆದಂತೆ ರೆಕ್ಕೆ ರೆಕ್ಕೆಗೂ ಸುತ್ತಿಕೊಂಡಿತ್ತು. ಅವನು ಸ್ಪಿರಿಟ್ಟಿನಲ್ಲಿ ತೊಳೆದ, ಬ್ರಷ್ಷಿನಲ್ಲಿ ಕಿಂಡಿಯ ಧೂಳು ಕೆದಕಿ ತೆಗೆದ, ಬಿಸಿಯಾಗುವ ಭಾಗಕ್ಕೆ ಶಾಖ ಎಳೆಯುವ ಹೊಸ ಪೇಸ್ಟು ಹಚ್ಚಿದ. ಪಕ್ಕದಲ್ಲೇ ಅವನ ತಂಗಿ ನಿಖತ್‌ಳ ಟೈಲರಿಂಗ್ ಅಂಗಡಿ. ಅಲ್ಲಿಂದ ಹೊಲಿಗೆ ಮಿಷನ್ನಿನ ಎಣ್ಣೆ ತರಿಸಿ ಒಂದೇ ಒಂದು ತೊಟ್ಟು ಬಿಟ್ಟ. ಆಟ ಹಗುರಾಗಿ ಓಡಲೆಂದು ಅದರ ಚಿತ್ರಗಳನ್ನು ಒಂದಿಷ್ಟು ಕಡಿಮೆ ಮಾಡಿಕೊಟ್ಟ. "ಮೂರು ತಿಂಗಳಿಗೊಂದ್ಸಲ ತನ್ನಿ, ಧೂಳು ತೆಗೀತೀನಿ. ನೀವಾಗೇ ಬಿಚ್ಚಬೇಡಿ ಮಿಸ್" ಎಂದು ನನಗೇ ಪಾಠ ಹೇಳಿದ. ತಲೆಯಾಡಿಸಿದೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ಡ್ಯೂಟಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಕರಾರು ಕೇಳಿಸಿತು. "ರೋಡ್ ಬದಿ ಮರ ಎಲ್ಲ ಕಡ್ದಾಕವ್ರೆ ಕಣೇ. ಯಾವನ್ ಮಾಡಿದ್ದು ಈ ಕೆಲ್ಸ?" ನಾನು ಇಮ್ದಾದನ ಹೆಸರು ಹೇಳಲಿಲ್ಲ. ಮರ ಹೋದರೆ ಹೋಯಿತು, ಬಸ್ಸು ಬೆಟ್ಟದ ನಡುವೆ ಒಂದು ದಿನವೂ ನಿಲ್ಲಲಿಲ್ಲ. ಸಂಜೆಯ ಒಂದು ಗಂಟೆಯನ್ನೂ ಕೃತಿಕಾ ತಾತನಿಗೇ ಬಿಟ್ಟುಕೊಟ್ಟಳು, ಪರೀಕ್ಷೆ ಇದ್ದರೂ.

ಫ್ಯಾನಿನ ಸದ್ದೇ ಇಲ್ಲದಂತಾಗಿ ನನಗೊಂದು ತೊಂದರೆಯಾಯಿತು. ಮೊದಲು ಅಡುಗೆಮನೆಯಲ್ಲಿ ನಿಂತೇ ಅವರ ಬಸ್ಸು ಎಲ್ಲಿದೆ ಎಂದು ತಿಳಿಯುತ್ತಿತ್ತು. ಈಗ ಗಳಿಗೆಗೊಮ್ಮೆ ಹೋಗಿ ಇಣುಕಬೇಕು. ಇಣುಕಿದರೆ, "ಟಿಕೆಟ್ ತಗಂಡ್ ಒಳಿಕ್ ಬಾ" ಅನ್ನುವರು.

ಜನವರಿ ಮೂರನೆಯ ವಾರ, ಒಂದು ಮಧ್ಯಾಹ್ನ. ನನಗೆಂದು ಒಂದು ಮುದ್ದೆ ಕಟ್ಟಿದ್ದೆ, ಅವರಿಗೆ ಅನ್ನ. ಹುರುಳಿಕಾಳಿನ ಸಾರು. ತಟ್ಟೆ ಇಟ್ಟಾಗ ಅವರು ನನ್ನ ತಟ್ಟೆಯ ಕಡೆ ಕೈ ತೋರಿಸಿ, "ಅದ್ನ ಇತ್ಲಾಗ್ ಇಡು" ಅಂದರು. ತಟ್ಟೆ ಬದಲಿಸಿದೆ. ನೋಡುತ್ತಾ ಕೂತರೆ ಅವರಿಗೆ ಕಷ್ಟವಾದೀತೆಂದು ಸಾರಿನ ಪಾತ್ರೆಯನ್ನು ಸುಮ್ಮನೆ ತಿರುವುತ್ತಾ ಕೂತೆ. ಕಿವಿಯೆಲ್ಲ ಅತ್ತಲೇ. ಮೊದಲ ತುತ್ತು ಸಾರಿಗೆ ಬಿದ್ದು ಚಿಮ್ಮಿತು. ಎರಡನೆಯದೂ ಬಿತ್ತು. ಮೂರನೆಯದರ ಸದ್ದು ಬರಲಿಲ್ಲ. ತಿರುಗಿ ನೋಡಿದೆ; ನುಂಗುತ್ತಿದ್ದರು. ಬೆರಳು ನಡುಗುತ್ತಿತ್ತು, ಅಂಗಿಯ ಮೇಲೆಲ್ಲ ಸಾರು. ಒಂದು ಮುದ್ದೆ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಮುಗಿಸಿದರು. ಸಾರಿನಲ್ಲಿ ಸಿಕ್ಕ ಕರಿಬೇವಿನ ಎಲೆಯೊಂದನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಎತ್ತಿ ತಟ್ಟೆಯ ಅಂಚಿಗೂ ಇಟ್ಟರು.

ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ. ಆದರೆ ಸುಳ್ಳು ಯಾಕೆ, ಅದರ ಹಿಂದೆಯೇ ಸಣ್ಣದೊಂದು ಸಂಕಟವೂ ಬಂತು. ಆರು ತಿಂಗಳಿಂದ ದಿನಕ್ಕೆರಡು ಹೊತ್ತು ಎದುರಿಗೆ ಕೂತು ತಿನ್ನಿಸಿದ್ದೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ಅಷ್ಟು ಹತ್ತಿರ, ಅಷ್ಟು ಹೊತ್ತು ಅವರ ಎದುರು ಯಾವತ್ತು ಕೂತಿದ್ದೆ? ಇನ್ನು ಬಡಿಸಿ ಒಳಗೆ ಹೋದರಾಯಿತು. ಅನ್ನದ ಪಾತ್ರೆ ಎಳೆದುಕೊಂಡು ಅವರ ತಟ್ಟೆಗೆ ಬಡಿಸಿ ಏಳಲು ಹೊರಟೆ.

"ಎಲ್ಲೋಗ್ತೀಯ?" ಎಂದರು. "ಮುದ್ದೆ ಏನೋ ಆಯ್ತು. ಅನ್ನ ಹಿಡಿಯಕ್ಕೆ ಈ ಕೈಲಿ ಇನ್ನೂ ಆಗಲ್ಲ ಕಣೇ. ನೀನೇ ತಿನ್ನಿಸು."

ತಟ್ಟೆಯ ಅಂಚಿನಲ್ಲಿ ಅವರ ಬೆರಳೇ ಎತ್ತಿಟ್ಟ ಆ ಕರಿಬೇವಿನ ಎಲೆ ಇನ್ನೂ ಹಾಗೇ ಇತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು. ಮತ್ತೆ ಕೂತು ಅನ್ನ ಕಲೆಸಿದೆ. ಬಾಯಿ ತೆರೆದರು.